ತೊಂಬತ್ತೆಂಟನೇ ದಿನದ ಸೊನ್ನೆ

"ಮಾಮ, ಮೂರನೇ ಸಲ ಕೇಳ್ತಿದ್ದೀನಿ. ಆ ಎರಡು ಯೂನಿಟ್ ಎಲ್ಲಿ ಹೋಯ್ತು?"

"ಮೂರನೇ ಸಲ ಹೇಳ್ತಿದ್ದೀನಿ ಕಣಮ್ಮ. ಗೋಡೆ ಮೀಟರ್ ಲೆಕ್ಕ ಬೇರೆ, ಗಾಡಿ ಲೆಕ್ಕ ಬೇರೆ. ಗೊತ್ತಿಲ್ಲದ ವಿಷಯಕ್ಕೆ ಕೈ ಹಾಕಬೇಡ."

ಗೊತ್ತಿಲ್ಲದ ವಿಷಯವಂತೆ! ವಿಮಾ ಕಂಪನಿಯ ಸರ್ವೇಯರ್ ಆಗಿ ಇಪ್ಪತ್ತೆರಡು ವರ್ಷ ಜಜ್ಜಿದ ಗಾಡಿಗಳ ಹೊಟ್ಟೆಯೊಳಗೆ ತಲೆ ಹಾಕಿದವಳು ನಾನು. ಆ ಕೆಲಸ ಬಿಟ್ಟು ಪತ್ತೇದಾರಿಕೆಗೆ ಇಳಿದು ಆರು ವರ್ಷವಾಯಿತು. ಸುಳ್ಳು ಹೇಳುವವರನ್ನು ಸಾಕಷ್ಟು ಕಂಡಿದ್ದೇನೆ. ಆದರೆ ಎಲ್ಲವನ್ನೂ ತಾನೇ ಬರೆದಿಟ್ಟು, ಬರೆದದ್ದನ್ನು ಓದಿ ಎಂದರೆ ಮಾತ್ರ ಮುಖ ತಿರುಗಿಸುವ ಆಸಾಮಿಯನ್ನು ಕಂಡದ್ದು ಇದೇ ಮೊದಲು.

ಮಂಗಳವಾರ ಸಂಜೆ ಮಾಮನ ಮನೆಯ ಕಾರು ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬ ಅಂಚೆಯಾಕೆಗೆ ಗುದ್ದಿ, ನಿಲ್ಲದೆ ಓಡಿತ್ತು. ಆಕೆ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿಲ್ಲ. ಮನೆಯ ಡ್ರೈವರ್ ಲಾಕಪ್ಪಿನಲ್ಲಿದ್ದಾನೆ. ಪೊಲೀಸ್ ಕಸ್ಟಡಿ ಮುಗಿದು ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಅವನನ್ನು ಮತ್ತೆ ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ಅಷ್ಟರೊಳಗೆ ನನ್ನ ಕೈಗೆ ಏನಾದರೂ ಸಿಗಬೇಕು, ಇಲ್ಲದಿದ್ದರೆ ಅವನು ಹೋಗುವುದು ಸೀದಾ ಜೈಲಿಗೆ.

ಮಾಮನ ಗ್ಯಾರೇಜಿನಲ್ಲಿ ನಾವು ನಾಲ್ವರಿದ್ದೆವು. ಮಾಮ, ಅವರ ಅಳಿಯ, ನಾನು, ಮತ್ತು ಡ್ರೈವರನ ಹೆಂಡತಿ ಟೈಲರಮ್ಮ. ನನಗೆ ಈ ಕೆಲಸ ವಹಿಸಿದವಳು ಆಕೆಯೇ. ಅಂಗಡಿಯಲ್ಲಿ ಕೂತರೆ ಸೂಜಿ ಬೆರಳಿಗೇ ಹೋಗುತ್ತದೆ ಎಂದು ಬೆಳಿಗ್ಗೆ ಹತ್ತರಿಂದ ನನ್ನ ಬೆನ್ನು ಬಿಟ್ಟಿರಲಿಲ್ಲ. ಈಗ ಮೂರು ಗಂಟೆ. ಖಾಲಿ ಬಣ್ಣದ ಡಬ್ಬಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತು, ನಮ್ಮಿಬ್ಬರ ಬಾಯಿಯನ್ನೇ ನೋಡುತ್ತಿದ್ದಳು.

ಕಾರು ಠಾಣೆಯಲ್ಲಿತ್ತು. ಅದರಿಂದ ಏನಾದರೂ ತಿಳಿದೀತೆಂಬ ಆಸೆಯನ್ನು ನಾನು ಬಿಟ್ಟಾಗಿತ್ತು. ಜಪ್ತಿ ಪಟ್ಟಿಯಲ್ಲಿ 'ಎಷ್ಟು ಕಿಲೋಮೀಟರ್ ಓಡಿದೆ' ಎಂಬ ಜಾಗದಲ್ಲಿ ಯಾರೋ ಪುಣ್ಯಾತ್ಮರು 'ಚೆನ್ನಾಗಿ ಓಡುತ್ತದೆ' ಎಂದು ಬರೆದಿದ್ದರು. ಆಮೇಲೆ ಅದನ್ನು ಎರಡು ಸಲ ಅಲ್ಲಿಗೆ ಇಲ್ಲಿಗೆ ಓಡಿಸಿ, ಚಾರ್ಜ್ ಮಾಡಿ, ಪರದೆಯ ಮೇಲಿದ್ದ ಹಳೆಯ ಅಂಕಿಗಳನ್ನೆಲ್ಲ ಅಳಿಸಿಹಾಕಿದ್ದರು. ಯಾರ ಹತ್ತಿರ ಹೇಳಿಕೊಂಡು ಅಳಲಿ?

ಉಳಿದದ್ದು ಎರಡೇ. ಗೋಡೆಯಲ್ಲಿ ಚಾರ್ಜರ್ ಪೆಟ್ಟಿಗೆಯ ಕೆಳಗಿದ್ದ ಮೀಟರ್, ಮತ್ತು ಅದರ ಪಕ್ಕ ಮೊಳೆಗೆ ದಾರ ಕಟ್ಟಿ ನೇತುಹಾಕಿದ ಪುಸ್ತಕ.

ಈ ಕಾರಿಗೆ ಎರಡು ಹೊಟ್ಟೆ. ಒಂದಕ್ಕೆ ಕರೆಂಟು, ಇನ್ನೊಂದಕ್ಕೆ ಪೆಟ್ರೋಲು. ಗೋಡೆಯಿಂದ ತುಂಬಿಸಿಕೊಂಡ ಕರೆಂಟು ಇರುವವರೆಗೆ ಅದರಲ್ಲೇ ಸದ್ದಿಲ್ಲದೆ ಓಡುತ್ತದೆ. ಅದು ಮುಗಿದರೆ, ಇಲ್ಲವೇ ಯಾರಾದರೂ ಪೆಡಲನ್ನು ನೆಲ ಮುಟ್ಟುವಂತೆ ತುಳಿದರೆ, ಎಂಜಿನ್ ಎದ್ದು ಪೆಟ್ರೋಲು ಕುಡಿಯುತ್ತದೆ. ಬೇರೆಯವರು ಇಷ್ಟು ತಿಳಿದುಕೊಂಡು ತಮ್ಮ ಪಾಡಿಗೆ ಓಡಿಸುತ್ತಾರೆ. ಮಾಮ ಹಾಗೆ ಬಿಡುವ ಪೈಕಿಯಲ್ಲ.

ಅವರು ಸೇತುವೆ ಕಟ್ಟಿಸಿ ನಿವೃತ್ತರಾದ ಎಂಜಿನಿಯರ್. ಈಗ ಕಟ್ಟಿಸಲು ಸೇತುವೆಯಿಲ್ಲ, ಹಾಗಾಗಿ ಮನೆಯವರ ಪ್ರಾಣ ತಿನ್ನುತ್ತಾರೆ. ಗಾಡಿ ತಂದು ನಿಲ್ಲಿಸಿದವರು ಯಾರೇ ಆಗಲಿ, ವೈರು ಚುಚ್ಚುವ ಮೊದಲು ಪುಸ್ತಕದಲ್ಲಿ ಬರೆಯಬೇಕು: ಗಂಟೆ ಎಷ್ಟು, ಎಷ್ಟು ದೂರ ಓಡಿತು, ಬ್ಯಾಟರಿಯಲ್ಲಿ ಎಷ್ಟು ಉಳಿಯಿತು, ಪೆಟ್ರೋಲು ಎಷ್ಟು ಸುಟ್ಟಿತು, ಗೋಡೆ ಮೀಟರ್ ಎಷ್ಟು ತೋರಿಸುತ್ತಿದೆ. ಎಂಟು ಗಂಟೆಗೆ ಮಾಮ ಬಂದು, ಎಲ್ಲ ನೋಡಿ, ಕೆಂಪು ಪೆನ್ನಿನಲ್ಲಿ ದಿನದ ಮೊತ್ತ ಬರೆದು ಗೆರೆ ಎಳೆಯುತ್ತಾರೆ. ಬೀದಿಯವರು ಮೀಟರ್ ಮಾಮ ಎಂದು ಹೆಸರಿಟ್ಟಿರುವುದು ಸುಮ್ಮನೆ ಅಲ್ಲ.

ಮಂಗಳವಾರದ ಪುಟವನ್ನು ಅವರ ಮೂಗಿನ ಕೆಳಗೆ ಹಿಡಿದೆ.

"ಇದು ಡ್ರೈವರ್ ಬರೆದದ್ದು. ನಾಲ್ಕು ಗಂಟೆ ಐದು ನಿಮಿಷ. ಇಪ್ಪತ್ತೆಂಟು ಕಿಲೋಮೀಟರ್, ಬ್ಯಾಟರಿ ನೂರಕ್ಕೆ ನಲವತ್ತಾರು, ಪೆಟ್ರೋಲ್ ಸೊನ್ನೆ. ಸರೀನಾ?"

"ಸರಿ."

"ಬ್ಯಾಟರಿಗೆ ಹಿಡಿಯೋದು ಹನ್ನೆರಡು ಯೂನಿಟ್. ಖಾಲಿ ಇದ್ದಿದ್ದು ಆರೂವರೆ. ತುಂಬುವಾಗ ಸೋರೋದು ಸೇರಿಸಿದ್ರೂ ಏಳೂವರೆ ಸಾಕು. ನೀವು ಎಂಟು ಗಂಟೆಗೆ ನೋಡಿದಾಗ ಗೋಡೆ ಮೀಟರ್ ಎಷ್ಟು ಮುಂದೆ ಹೋಗಿತ್ತು? ನಿಮ್ಮದೇ ಕೆಂಪು ಅಕ್ಷರ, ಓದಿ."

ಮಾಮ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದರು.

"ಒಂಬತ್ತು ಪಾಯಿಂಟ್ ಎರಡು," ನಾನೇ ಓದಿದೆ. "ಹೆಚ್ಚುಕಡಿಮೆ ಎರಡು ಯೂನಿಟ್ ಜಾಸ್ತಿ. ನಿಮ್ಮ ಗಾಡಿ ಎರಡು ಯೂನಿಟ್ಟಿಗೆ ಎಷ್ಟು ದೂರ ಹೋಗುತ್ತೆ?"

"ಎಂಟೂವರೆ, ಒಂಬತ್ತು," ಎಂದರು ಮಾಮ. ಅಂಕಿ ಕೇಳಿದರೆ ಅವರಿಗೆ ಬಾಯಿ ಕಟ್ಟಿಕೊಳ್ಳಲು ಬರುವುದಿಲ್ಲ.

"ಅಂಚೆಯಾಕೆ ಬಿದ್ದ ಗಲ್ಲಿ ಇಲ್ಲಿಂದ ಎಷ್ಟು ದೂರ?"

ನಾಲ್ಕು ಕಿಲೋಮೀಟರ್ ಚಿಲ್ಲರೆ. ಹೋಗಿ ಬಂದರೆ ಎಂಟು ದಾಟುತ್ತದೆ. ಅದು ಅಲ್ಲಿದ್ದ ನಾಲ್ವರಿಗೂ ಗೊತ್ತಿತ್ತು.

ಆಗ ಅಳಿಯ ಗಂಟಲು ಸರಿಮಾಡಿಕೊಂಡ. ಕನ್ನಡಕದ ಅಂಗಡಿ ಇಟ್ಟವನು, ಬಲು ನಯದ ಮಾತು. ಅವನ ಹೆಂಡತಿ, ಅಂದರೆ ಮಾಮನ ಮಗಳು, ಹಲ್ಲಿನ ಡಾಕ್ಟರು. ಮನೆಯಲ್ಲಿ ಕಣ್ಣಿನವರಿದ್ದಾರೆ, ಬಾಯಿಯವರಿದ್ದಾರೆ; ಕಂಡದ್ದನ್ನು ಬಾಯಿಬಿಟ್ಟು ಹೇಳುವವರು ಒಬ್ಬರಿಲ್ಲ!

"ಮೇಡಂ, ಚಾರ್ಜ್ ಮಾಡುವಾಗ ಕರೆಂಟ್ ಬಿಸಿಯಾಗಿ ಲಾಸ್ ಆಗುತ್ತೆ. ಈ ಚಾರ್ಜರ್ ಹಳೇದು. ಅವತ್ತು ಸ್ವಲ್ಪ ಜಾಸ್ತಿ ಹೋಗಿರಬಹುದು. ಅಷ್ಟಕ್ಕೆ ಇಷ್ಟೊಂದು..."

"ಹೌದಾ ಮಾಮ?" ಎಂದೆ. "ನಿಮ್ಮ ಚಾರ್ಜರ್ ಕೆಟ್ಟಿದೆಯಾ? ಹಾಗಿದ್ರೆ ಬಿಡಿ. ಈ ಪುಸ್ತಕದಲ್ಲಿ ಬರೆದದ್ದೆಲ್ಲ ದಂಡ."

ಮಾಮನ ಕಿವಿ ಕೆಂಪಾಯಿತು.

"ಯಾವನು ಹೇಳಿದ್ದು ಕೆಟ್ಟಿದೆ ಅಂತ?" ಅಳಿಯನ ಕಡೆ ತಿರುಗಿದರು. "ಏನ್ರೀ ಗೊತ್ತು ನಿಮಗೆ? ಮೂರು ತಿಂಗಳಿಂದ ಬರೀತಾ ಇದ್ದೀನಿ, ಒಂದೇ ಒಂದು ದಿನ ಸೋರಿಕೆ ನೂರಕ್ಕೆ ಹದಿಮೂರು ದಾಟಿಲ್ಲ! ವೈರು ನಾನೇ ಎಳೆಸಿದ್ದು, ದಪ್ಪ ತಾಮ್ರದ್ದು. ನನ್ನ ಚಾರ್ಜರ್ ಎರಡು ಯೂನಿಟ್ ತಿನ್ನುತ್ತಾ? ಸಾಧ್ಯವೇ ಇಲ್ಲ!"

"ಮಾವ, ನಾನು ಹೇಳೋದು ಸ್ವಲ್ಪ ಕೇಳಿ..."

"ಸುಮ್ನಿರ್ರೀ! ಲಾಸ್ ಅಂತೆ ಲಾಸು."

ಅಳಿಯ ಕಣ್ಣು ಮುಚ್ಚಿ ತೆರೆದ. ಮಾಮನಿಗೆ ತಾವು ಏನು ಹೇಳಿಬಿಟ್ಟೆವೆಂದು ಗೊತ್ತಾಗಲು ಇನ್ನೂ ಎರಡು ಗಳಿಗೆ ಹಿಡಿಯಿತು. ಚಾರ್ಜರ್ ತಿಂದಿಲ್ಲ ಎಂದರೆ ಗಾಡಿಯೇ ತಿಂದಿರಬೇಕು. ಗಾಡಿ ತಿಂದಿದ್ದರೆ, ಡ್ರೈವರ್ ವೈರು ಚುಚ್ಚಿ ಹೋದ ಮೇಲೆ ಯಾರೋ ಅದನ್ನು ಹೊರಗೆ ತೆಗೆದಿರಬೇಕು.

"ಅಕ್ಕಾ, ಅಂದ್ರೆ ನಮ್ಮವರು ತಂದು ನಿಲ್ಲಿಸಿದ ಮೇಲೆ ಗಾಡಿ ಹೊರಗೆ ಹೋಗಿದೆಯಾ?" ಟೈಲರಮ್ಮ ಎದ್ದು ನಿಂತಳು.

"ಹೋಗಿದೆ. ಕೂತ್ಕೋ."

"ನಾನು ಅಂಗಡಿಯಲ್ಲಿದ್ದೆ," ಎಂದ ಅಳಿಯ. "ಆರು ಗಂಟೆವರೆಗೂ. ಗಿರಾಕಿಗಳನ್ನ ಕೇಳಿ ಬೇಕಾದ್ರೆ."

ನಾನು ಅವನನ್ನು ಕೇಳಿರಲೇ ಇಲ್ಲ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ನಿಮ್ಮ ಮನೆಯವರು?"

"ಅವಳು ಕ್ಲಿನಿಕ್‌ನಲ್ಲಿ."

"ಮಾಮ, ನೀವು?"

"ನಾಲ್ಕರಿಂದ ಆರು ವಾಕಿಂಗು. ನನ್ನ ಜೊತೆ ಏಳು ಜನ ಇರ್ತಾರೆ."

ಕಾರಿನ ಬೀಗದ ಕೈ ಮಾತ್ರ ಎಲ್ಲರಿಗೂ ಕಾಣುವಂತೆ ಇದೇ ಗ್ಯಾರೇಜಿನ ಕೊಕ್ಕೆಯಲ್ಲಿ ನೇತಾಡುತ್ತಿತ್ತು. ಇವರಿಗೆ ಕರೆಂಟು ಎಷ್ಟು ಖರ್ಚಾಯಿತೆಂದು ಹಿಡಿದಿಡಲು ಗೊತ್ತು, ಕೀಲಿ ಎತ್ತಿಡಲು ಗೊತ್ತಿಲ್ಲ. ನನಗೆ ತಲೆ ಚಿಟ್ಟು ಹಿಡಿಯಿತು.

ಆದರೂ ಇಷ್ಟರಿಂದ ನನ್ನ ಕೆಲಸ ಆಗುವುದಿಲ್ಲ. ಎರಡು ಯೂನಿಟ್ ಎಂದು ಹೇಳಿಕೊಂಡು ಹೋದರೆ ಇನ್ಸ್‌ಪೆಕ್ಟರ್ ನಗುತ್ತಾನೆ. ಡ್ರೈವರ್ ಬ್ಯಾಟರಿ ಅಂಕಿಯನ್ನೇ ಸುಳ್ಳು ಬರೆದಿದ್ದಾನೆ ಎಂದರೆ ಮುಗಿಯಿತು.

ಪುಟವನ್ನು ಮತ್ತೆ ನೋಡಿದೆ. ಬೆಳಿಗ್ಗೆಯಿಂದ ನನ್ನನ್ನು ಚುಚ್ಚುತ್ತಿದ್ದದ್ದು ಈಗ ಕಣ್ಣಿಗೆ ಬಿತ್ತು.

ಪೆಟ್ರೋಲಿನ ಕಾಲಂ. ಹಿಂದಿನ ಪುಟಗಳಲ್ಲಿ ದಿನದ ಮೊತ್ತದಲ್ಲಿ ಎಲ್ಲ ಕಡೆ ಒಂದೇ ಕೆಂಪು ಸೊನ್ನೆ. ಸೋಮವಾರ ಸೊನ್ನೆ, ಭಾನುವಾರ ಸೊನ್ನೆ, ಅದರ ಹಿಂದಿನ ವಾರವೆಲ್ಲ ಸೊನ್ನೆ. ಮಂಗಳವಾರ ಮಾತ್ರ ಸೊನ್ನೆ, ಚುಕ್ಕಿ, ಇನ್ನೊಂದು ಸೊನ್ನೆ. ಆ ಕೊನೆಯ ಸೊನ್ನೆ ಬಹಳ ದಪ್ಪ. ಅದರೊಳಗೆ ಒಂದು ನೆಟ್ಟಗಿನ ಗೆರೆ ಇನ್ನೂ ಕಾಣುತ್ತಿತ್ತು.

"ಮಾಮ, ಏನೂ ಸುಡದ ದಿನ ಚುಕ್ಕಿ ಯಾಕೆ ಬಂತು?"

"ಯಾವ ಚುಕ್ಕಿ?"

"ಮೊದಲು ಸೊನ್ನೆ ಪಾಯಿಂಟ್ ಒಂದು ಅಂತ ಬರೆದ್ರಿ. ಆಮೇಲೆ ಒಂದನ್ನ ತಿದ್ದಿ ಸೊನ್ನೆ ಮಾಡಿದ್ರಿ. ಅವತ್ತು ಎಂಜಿನ್ ಎದ್ದಿತ್ತು. ಹೌದೋ ಅಲ್ವೋ?"

"ಪೆನ್ನು ಸೋರಿರಬೇಕು."

"ಮಾಮ!"

ನಾನು ಕೂಗಿದ್ದು ಬೀದಿಗೆ ಕೇಳಿಸಿರಬೇಕು. ಎದುರು ಮನೆಯ ಕಿಟಕಿ ತೆರೆದುಕೊಂಡಿತು. ತೆರೆಯಲಿ.

"ಆ ಗಲ್ಲಿ ತುದಿಯ ಸೈಕಲ್ ಶಾಪಿನವನು ಮೊದಲ ದಿನವೇ ಹೇಳಿದ. ಕಾರ್ಖಾನೆ ಸೈರನ್ ಆದ ಮೇಲೆ ಒಂದು ಗಾಡಿ ಗುರ್ರ್ ಅಂತ ಕಿರುಚಿಕೊಂಡು ಹೋಯ್ತು ಅಂತ. ಸೈರನ್ ಆಗೋದು ನಾಲ್ಕೂವರೆಗೆ. ಡ್ರೈವರ್ ನಾಲ್ಕು ಇಪ್ಪತ್ತಕ್ಕೆ ಬಸ್ಸಿನಲ್ಲಿದ್ದ. ಅವನ ಪಾಸು ಬಸ್ಸಿನ ಮಷೀನಿನಲ್ಲಿ ದಾಖಲಾಗಿದೆ. ಆ ಒಂದು ಮಾತು ನಿಂತಿದ್ರೆ ಅವನು ಅವತ್ತೇ ಮನೆಗೆ ಹೋಗ್ತಿದ್ದ. ಇನ್ಸ್‌ಪೆಕ್ಟರ್ ಯಾಕೆ ನಂಬಲಿಲ್ಲ ಗೊತ್ತಾ? ನಿಮ್ಮ ಹತ್ರ ಬಂದ, ಈ ಪುಸ್ತಕ ನೋಡಿದ. ಪೆಟ್ರೋಲ್ ಸೊನ್ನೆ. ಎಂಜಿನ್ನೇ ಏಳದ ಗಾಡಿ ಎಲ್ಲಿಂದ ಕಿರುಚುತ್ತೆ, ಆ ಸೈಕಲ್ ಶಾಪಿನವನಿಗೆ ತಲೆ ಕೆಟ್ಟಿದೆ ಅಂತ ಹೇಳಿ ಕಳಿಸಿದ. ಡ್ರೈವರ್ ನಾಲ್ಕಕ್ಕಿಂತ ಮೊದಲೇ ಗುದ್ದಿದ್ದು ಅಂತ ಬರೆದುಕೊಂಡ. ನಿಮ್ಮ ಒಂದು ಸೊನ್ನೆ, ಮಾಮ!"

ಮಾಮ ಗೋಡೆಗೆ ಒರಗಿದರು. ಅವರ ಬಾಯಿಂದ ಮೊದಲ ಬಾರಿಗೆ ಸಣ್ಣ ದನಿ ಬಂತು.

"ತೊಂಬತ್ತೆಂಟನೇ ದಿನ ಕಣಮ್ಮ."

"ಏನು?"

"ನಮ್ಮದೊಂದು ಗುಂಪಿದೆ. ಇಂಥ ಗಾಡಿ ಇಟ್ಕೊಂಡಿರೋರದ್ದು. ದಿನಾ ಫೋನಿನಲ್ಲಿ ಅಂಕಿ ಹಾಕ್ತೀವಿ. ಹನಿ ಪೆಟ್ರೋಲ್ ಸುಡದೆ ಇಲ್ಲಿವರೆಗೆ ಯಾರೂ ನೂರು ದಿನ ಓಡಿಸಿಲ್ಲ. ಮಂಗಳವಾರಕ್ಕೆ ನನ್ನದು ತೊಂಬತ್ತೆಂಟು. ಇನ್ನೆರಡೇ ದಿನ ಇತ್ತು."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಹಿರಿಯರು ಹೇಳಿದ್ದು ಇದನ್ನೇ ನೋಡಿ ಇರಬೇಕು. ಒಬ್ಬ ಮನುಷ್ಯ ಸಿಮೆಂಟು ನೆಲದ ಮೇಲೆ ಮೂರು ರಾತ್ರಿ ಕಳೆದಿದ್ದಾನೆ, ಯಾಕೆಂದರೆ ಇವರಿಗೆ ನೂರು ದಿನ ಆಗಬೇಕು! ನನಗೆ ಬಂದ ಸಿಟ್ಟಿಗೆ ಆ ಪುಸ್ತಕವನ್ನು ಅವರ ತಲೆಯ ಮೇಲೇ ಹಾಕಬೇಕೆನಿಸಿತು. ಸಾಕ್ಷಿ ಹಾಳಾದೀತೆಂದು ಕೈ ಹಿಡಿದುಕೊಂಡೆ.

"ಡ್ರೈವರೇ ಜೋರಾಗಿ ತುಳಿದಿದ್ದಾನೆ ಅಂದ್ಕೊಂಡೆ," ಎಂದರು ಮಾಮ. "ಕೆಳಗೆ ಮಗು ಮಲಗಿದೆ ಅಂದ್ಕೊಂಡು ಪೆಡಲ್ ಮೇಲೆ ಕಾಲಿಡು ಅಂತ ಎಷ್ಟು ಸಲ ಹೇಳಿದ್ದೀನಿ ಅವನಿಗೆ."

ಟೈಲರಮ್ಮ ಹತ್ತಿರ ಬಂದಳು. ಅವಳು ಕೂಗಲಿಲ್ಲ, ಅತ್ತಳೂ ಇಲ್ಲ.

"ಮಾಮಾ, ಅವರು ನಿಮ್ಮ ಮಾತನ್ನ ಮನೆಗೂ ತರ್ತಿದ್ರು. ನನ್ನ ಹೊಲಿಗೆ ಮಷೀನಿನ ಪೆಡಲ್ ತುಳಿಯೋದು ನೋಡಿ, ಮೆತ್ತಗೆ ಕಣೇ, ಕೆಳಗೆ ಮಗು ಮಲಗಿದೆ ಅಂತಿದ್ರು. ಅವರು ನೆಲಕ್ಕೆ ಹತ್ತೋ ಹಾಗೆ ತುಳೀತಾರಾ? ನೀವೇ ಹೇಳಿ."

ಮಾಮನಿಗೆ ಆಕೆಯ ಮುಖ ನೋಡಲಾಗಲಿಲ್ಲ.

"ಆ ಸೊನ್ನೆ ಪಾಯಿಂಟ್ ಒಂದು ನೀವು ಎಲ್ಲಿ ನೋಡಿದ್ದು?" ನಾನು ಕೇಳಿದೆ.

"ಗಾಡಿ ಪರದೆಯಲ್ಲಿ. ಎಂಟು ಗಂಟೆಗೆ."

"ಫೋಟೋ ತೆಗೆದ್ರಾ?"

"ದಿನಾ ತೆಗೀತೀನಿ. ಗುಂಪಿಗೆ ಹಾಕಬೇಕಲ್ಲ."

"ಮಂಗಳವಾರದ್ದು?"

"ಅದನ್ನ ಹಾಕಲಿಲ್ಲ."

"ಅಳಿಸಿದ್ರಾ?"

ಮಾಮ ಎದೆಯ ಜೇಬಿನ ಮೇಲೆ ಕೈ ಇಟ್ಟುಕೊಂಡರು. ಅಳಿಯ ಒಂದು ಹೆಜ್ಜೆ ಮುಂದೆ ಬಂದ. "ಮಾವ, ವಕೀಲರನ್ನ ಒಂದು ಮಾತು ಕೇಳಿ ಆಮೇಲೆ..."

"ಅಂಕಿ ಅಳಿಸೋದು ನನ್ನ ಕೈಯಲ್ಲಿ ಆಗಲ್ಲ ಕಣ್ರೀ," ಎಂದು ಮಾಮ ಫೋನು ತೆಗೆದು ನನ್ನ ಕೈಗಿಟ್ಟರು. ತಿದ್ದಲು ಆಗುತ್ತದೆ, ಅಳಿಸಲು ಆಗುವುದಿಲ್ಲ! ಆ ಕ್ಷಣದಲ್ಲಿ ಮಾತ್ರ ಅವರ ಹುಚ್ಚಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಫೋಟೋ ಸ್ಪಷ್ಟವಾಗಿತ್ತು. ಮೂಲೆಯಲ್ಲಿ ತಾರೀಖು, ಎಂಟು ಗಂಟೆ ಎರಡು ನಿಮಿಷ. ಮಧ್ಯದಲ್ಲಿ ಮೂರು ಸಾಲು. ಕೊನೆಯ ಸಲ ಚಾರ್ಜಿಗೆ ಹಾಕಿ ತೆಗೆದ ಮೇಲೆ ಓಡಿದ್ದು: 8.4 ಕಿಲೋಮೀಟರ್. ಪೆಟ್ರೋಲ್: 0.1 ಲೀಟರ್. ಎಂಜಿನ್ ಓಡಿದ ಹೊತ್ತು: ಒಂದು ನಿಮಿಷ.

ನಾನು ಮೂರು ಸಲ ಓದಿದೆ.

"ಮಾಮ, ಡ್ರೈವರ್ ಓಡಿಸಿದ್ದು ಇಪ್ಪತ್ತೆಂಟು. ಒಂದೇ ಸಲ ಹೊರಗೆ ಹೋಗಿದ್ರೆ ಇಲ್ಲಿ ಇಪ್ಪತ್ತೆಂಟು ಇರಬೇಕಿತ್ತು. ಎಂಟು ಪಾಯಿಂಟ್ ನಾಲ್ಕು ಇದೆ. ಅವನು ವೈರು ಚುಚ್ಚಿ ಹೋದ, ಯಾರೋ ಕಿತ್ತರು, ಎಂಟು ಕಿಲೋಮೀಟರ್ ಓಡಿಸಿ ತಂದು ಮತ್ತೆ ಚುಚ್ಚಿದ್ರು. ಆ ಓಟದಲ್ಲೇ ನೆಲಕ್ಕೆ ತುಳಿದ್ರು. ದಿನಾ ಇದನ್ನೇ ನೋಡೋ ನಿಮಗೆ ಇದು ಕಾಣಲಿಲ್ವಾ?"

"ನಾನು ಪೆಟ್ರೋಲ್ ಸಾಲು ಮಾತ್ರ ನೋಡಿದೆ," ಎಂದರು. "ಅವತ್ತು ನನ್ನ ಕಣ್ಣಿಗೆ ಬೇರೇನೂ ಬೀಳಲಿಲ್ಲ."

ಅವರು ಗೋಡೆಯಿಂದ ಪುಸ್ತಕವನ್ನು ದಾರ ಸಮೇತ ಬಿಚ್ಚಿದರು. ಅದನ್ನು ಟೈಲರಮ್ಮನ ಕಡೆ ಚಾಚಿದರು.

"ತಗೋಮ್ಮ. ನಡಿ ಠಾಣೆಗೆ. ನಾನೇ ಬಂದು ಹೇಳ್ತೀನಿ, ತಿದ್ದಿದ್ದು ನಾನು ಅಂತ. ಗುಂಪಿನವರು ನಗಲಿ, ಊರೇ ನಗಲಿ."

"ಮಾವ, ಸ್ವಲ್ಪ ಯೋಚನೆ ಮಾಡಿ," ಎಂದ ಅಳಿಯ. ಅವನ ನಯ ಎಲ್ಲೋ ಹೋಗಿತ್ತು. "ಡ್ರೈವರ್ ಅಲ್ಲ ಅಂದ್ರೆ ಮುಂದೆ ಅವರು ಯಾರನ್ನ ಕೇಳ್ತಾರೆ? ಈ ಮನೆಯವರನ್ನೇ ಕೇಳ್ತಾರೆ."

"ಕೇಳಲಿ. ನೀವು ಅಂಗಡಿಯಲ್ಲಿದ್ರಲ್ಲ. ಅವಳು ಕ್ಲಿನಿಕ್‌ನಲ್ಲಿದ್ಲಲ್ಲ. ಮತ್ತೇನು ಹೆದರಿಕೆ?"

ಅಳಿಯ ಬಾಗಿಲ ಕಡೆ ನೋಡಿದ. ಮಾಮ ಅವನನ್ನೇ ನೋಡುತ್ತ ನಿಂತರು. ಅವರ ಮುಖದಲ್ಲಿ ಏನೋ ಲೆಕ್ಕ ನಡೆಯುತ್ತಿತ್ತು, ಈ ಸಲ ಅದು ಯೂನಿಟ್ಟಿನದಲ್ಲ.

ನಾನು ಫೋಟೋವನ್ನು ನನ್ನ ಫೋನಿಗೆ ಕಳಿಸಿಕೊಂಡೆ. ಮೂರು ದಿನದಲ್ಲಿ ಮೊದಲ ಬಾರಿಗೆ ಉಸಿರು ಹಗುರಾಗಿ ಆಡಿತು. ಟೈಲರಮ್ಮ ಪುಸ್ತಕವನ್ನು ಎದೆಗವಚಿಕೊಂಡು, "ಅಕ್ಕಾ, ಇವತ್ತೇ ಬಿಡ್ತಾರಾ? ಊಟ ಮಾಡಿರ್ತಾರೋ ಇಲ್ವೋ," ಎಂದಳು. ಬಿಡುತ್ತಾರೆ ಎಂದು ಹೇಳಲು ಬಾಯಿ ತೆರೆದೆ.

ನನ್ನ ಫೋನು ಹೊಡೆದುಕೊಂಡಿತು. ಇನ್ಸ್‌ಪೆಕ್ಟರ್. ಆಕೆಯೂ ಕೇಳಲಿ ಎಂದು ಸ್ಪೀಕರ್ ಒತ್ತಿದೆ.

"ಸರ್, ನಾನೇ ಮಾಡೋಳಿದ್ದೆ. ಡ್ರೈವರ್ ಅಲ್ಲ ಅನ್ನೋದಕ್ಕೆ ಈಗ ನನ್ನ ಹತ್ರ..."

"ಮೇಡಂ, ಇನ್ನು ಸುತ್ತಾಡೋದು ಸಾಕು," ಎಂದ ಇನ್ಸ್‌ಪೆಕ್ಟರ್. ಅವನ ದನಿಯಲ್ಲಿ ಕೆಲಸ ಮುಗಿದವನ ನೆಮ್ಮದಿಯಿತ್ತು. "ನಿಮ್ಮ ಡ್ರೈವರ್ ಒಪ್ಕೊಂಡ."

"ಏನಂದ್ರಿ?"

"ಒಪ್ಕೊಂಡ. ಗುದ್ದಿದ್ದು ನಾನೇ ಅಂತ ಬರೆದು ಸಹಿ ಹಾಕಿದ್ದಾನೆ."

ಅವನು ಗುದ್ದಲಿಲ್ಲ ಎಂಬುದಕ್ಕೆ ಪುರಾವೆ ನನ್ನ ಅಂಗೈಯಲ್ಲಿದೆ, ಅವನು ಅಲ್ಲಿ ಗುದ್ದಿದೆ ಎಂದು ಸಹಿ ಹಾಕುತ್ತಿದ್ದಾನೆ! ಈ ಮಂದಿಗೆ ಏನು ಹೇಳಬೇಕು?

"ಹೊಡೆದ್ರಾ ಅವನಿಗೆ?"

"ಛೆ ಛೆ, ಬೆರಳು ತಾಗಿಸಿಲ್ಲ. ಇಷ್ಟು ದಿನ ನಾನಲ್ಲ ನಾನಲ್ಲ ಅಂತಿದ್ದ. ಈಗ ಅರ್ಧ ಗಂಟೆ ಮುಂಚೆ ಹೆಂಡತಿ ಬಂದ್ರು, ಕಾಲು ಗಂಟೆ ಮಾತಾಡಿ ಹೋದ್ರು. ಆಕೆ ಹೋದ ಮೇಲೆ ತಾನಾಗೇ ಪೇಪರ್ ಕೇಳಿದ."

ನಾನು ಟೈಲರಮ್ಮನನ್ನು ನೋಡಿದೆ. ಮಾಮ ಅಳಿಯನನ್ನು ನೋಡಿದರು. ಅಳಿಯ ನೆಲ ನೋಡಿದ.

ಟೈಲರಮ್ಮ ನನ್ನ ಕೈಯಿಂದ ಫೋನು ಕಿತ್ತುಕೊಂಡಳು.

"ಸಾರ್, ಅವರ ಹೆಂಡತಿ ನಾನು. ಬೆಳಿಗ್ಗೆಯಿಂದ ಈ ಅಕ್ಕನ ಜೊತೆ ಇದ್ದೀನಿ, ನಿಮ್ಮ ಠಾಣೆ ಮೆಟ್ಟಿಲು ಹತ್ತಿಲ್ಲ. ಹೇಳಿ, ನನ್ನ ಗಂಡನ ಹತ್ರ ಯಾರನ್ನ ಬಿಟ್ರಿ?"